ಮೀನಿನ ಬುಟ್ಟಿಯ ಫೋಟೋ

ಆ ಫೋಟೋದಲ್ಲಿ ಇದ್ದದ್ದು ಇಷ್ಟೇ. ಮೀನಿನ ಬುಟ್ಟಿಯ ಅಂಚಿಗೆ ತಂತಿಯಲ್ಲಿ ಕಟ್ಟಿದ ಒಂದು ಕ್ಯೂಆರ್ ಕೋಡು. ಅದರ ಮೇಲೆ ಅಂಟಿಕೊಂಡ ನಾಲ್ಕೈದು ಬೂತಾಯಿ ಹುರುಪೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ಹುರುಪೆಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಹದಿನೈದು ವರ್ಷದ ಹುಡುಗ, ಗೀರು ಬಿದ್ದ ಹಳೆ ಫೋನು, ಆದರೂ ಎಂಥಾ ಬೆಳಕು! ನಾನು ಆ ಫೋನನ್ನು ಎಲ್ಲರಿಗೂ ತೋರಿಸಿ, "ನೋಡಿ, ಬೆಳಕನ್ನು ಹೀಗೆ ಹಿಡಿಯಬೇಕು" ಎಂದು ಹತ್ತು ನಿಮಿಷ ಹೊಗಳಿದೆ. ಹುಡುಗ ತಲೆ ತಗ್ಗಿಸಿ ಕೂತಿದ್ದ. ನಾಚಿಕೆ ಎಂದುಕೊಂಡೆ.

ಆ ಫೋಟೋದಲ್ಲಿ ಏನಿತ್ತು ಎಂದು ನನಗೆ ತಿಳಿಯಲು ಒಂದು ತಿಂಗಳು ಹಿಡಿಯಿತು.

ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ. ಮನೆ ಪಣಂಬೂರಿನಲ್ಲಿ, ಬಂದರಿನ ಗೋಡೆಗೂ ಹೆದ್ದಾರಿಗೂ ನಡುವೆ. 2025ರ ಏಪ್ರಿಲ್ ರಜೆಯಲ್ಲಿ ನಮ್ಮ ಯುವಕ ಮಂಡಲದವರು ಮಕ್ಕಳಿಗೆ ಬೇಸಿಗೆ ಶಿಬಿರ ಮಾಡುವುದೆಂದು ಹೊರಟರು. ಫೋಟೋಗ್ರಫಿ ನೀವು ಹೇಳಿಕೊಡಿ ಎಂದು ನನ್ನನ್ನು ಕರೆದರು. ಮಂಡಲದ ಹಿರಿಯರೊಬ್ಬರು ಬದಿಗೆ ಕರೆದು ಇನ್ನೊಂದು ಮಾತು ಸೇರಿಸಿದರು. "ಐಪಿಎಲ್ ಶುರುವಾಗಿದೆ ಮಾರಾಯ. ಮಕ್ಕಳೆಲ್ಲ ಫೋನಿನಲ್ಲಿ ಬೆಟ್ಟಿಂಗ್ ಬೆಟ್ಟಿಂಗ್ ಅಂತ ಮಾತಾಡುವುದು ಕೇಳ್ತದೆ. ನೀನು ಹೇಗೂ ಫೋನು ಕೈಗೆ ಕೊಟ್ಟು ಕಲಿಸುವವನು. ಅದರ ಬಗ್ಗೆಯೂ ಎರಡು ಒಳ್ಳೆ ಮಾತು ಹೇಳು."

ಬಂದವರು ಒಂಬತ್ತು ಮಂದಿ, ಹದಿಮೂರರಿಂದ ಹದಿನಾರರ ವಯಸ್ಸಿನವರು. ಮೊಗವೀರರ ಮನೆಯ ಮಕ್ಕಳು, ಬ್ಯಾರಿ ಮನೆಯ ಇಬ್ಬರು, ಕಟ್ಟಡ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ಉಳಿದವರ ಮಗ ಒಬ್ಬ. ಒಂಬತ್ತು ಜನಕ್ಕೆ ಐದು ಫೋನು. ನನ್ನ ಹಳೆಯ ಡಿಜಿಟಲ್ ಕ್ಯಾಮೆರಾ ಒಂದು.

ಎರಡು ಒಳ್ಳೆ ಮಾತು ಹೇಳಲು ನಾನು ಆಯ್ದುಕೊಂಡದ್ದು ಲೆಕ್ಕದ ದಾರಿ. ನಮ್ಮ ಕಾಲದ ಜೂಜೆಂದರೆ ಮಟ್ಕಾ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯಿಂದ ಮುಂಬಯಿಗೆ ಬರುತ್ತಿದ್ದ ದರಗಳ ಮೇಲೆ ಜನ ಪಣ ಕಟ್ಟುತ್ತಿದ್ದರಂತೆ. ಆ ದರ ನಿಂತ ಮೇಲೆ, 1962ರಲ್ಲಿ ಕಲ್ಯಾಣ್‌ಜೀ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ಅಂಕಿಗಳ ಆಟ ಶುರು ಮಾಡಿದರು. ಅಂಕಿಯ ಚೀಟಿ ಎತ್ತುತ್ತಿದ್ದ ಮಡಕೆಯ ಹೆಸರೇ ಆಟಕ್ಕೂ ಉಳಿಯಿತು. ಇದನ್ನೆಲ್ಲ ಹೇಳಿ, ಸ್ಟೀಲ್ ಲೋಟದಲ್ಲಿ ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಚೀಟಿ ಹಾಕಿ, ಪ್ರತಿಯೊಬ್ಬರಿಗೂ ಇಪ್ಪತ್ತು ಕಡಲೆಕಾಯಿ ಕೊಟ್ಟೆ. ಒಂದು ಅಂಕಿಯ ಮೇಲೆ ಒಂದು ಕಡಲೆಕಾಯಿ ಕಟ್ಟಬೇಕು. ಬಂದರೆ ಒಂಬತ್ತು. "ಹತ್ತು ಅಂಕಿಗೂ ಒಂದೊಂದು ಕಟ್ಟಿದರೂ ಕೈಗೆ ಬರುವುದು ಒಂಬತ್ತೇ. ಹತ್ತನೆಯದು ಆಡಿಸುವವನದು. ಆಡುತ್ತಾ ಹೋದಷ್ಟೂ ಅವನ ರಾಶಿ ಬೆಳೆಯುತ್ತದೆ, ನೋಡಿ ಬೇಕಾದರೆ" ಎಂದೆ.

ಮೂರನೇ ಸಲಕ್ಕೆ ಒಬ್ಬಳು ಹುಡುಗಿಗೆ ಏಳು ಬಿತ್ತು. ಮುಂದಿನ ಸಲವೂ ಅವಳಿಗೇ ಬಿತ್ತು. ಕೋಣೆ ಎದ್ದು ನಿಂತಿತು. ಅರ್ಧ ಗಂಟೆಯಲ್ಲಿ ನನ್ನ ಲೆಕ್ಕ ಸರಿಯಾಗಿಯೇ ನಡೆದು ಎಲ್ಲರ ಕಡಲೆಕಾಯಿ ನನ್ನ ಮುಂದೆ ಬಂದು ಬಿತ್ತು. ಆದರೆ ಯಾರೂ ಆಟ ನಿಲ್ಲಿಸಲು ಒಪ್ಪಲಿಲ್ಲ. "ಲಾಸ್ಟ್ ಒಂದು ಸರ್." "ಅವಳ ಹತ್ರ ಸಾಲ ತಗೊಳ್ಬಹುದಾ ಸರ್?" ಬಾಗಲಕೋಟೆಯ ಹುಡುಗ ನೋಟ್‌ಬುಕ್ ತೆಗೆದು ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಬರೆಯಲು ಕೂತಿದ್ದ. ಜೂಜು ತಡೆಯಲು ಹೋದವನು ಒಂದು ಅಡ್ಡೆ ತೆರೆದು ಕೂತಿದ್ದೆ. ಕಡಲೆಕಾಯಿಯನ್ನೆಲ್ಲ ಹಂಚಿ, ತಿನ್ನಿ ಎಂದು ಹೇಳಿ ಮನೆಗೆ ಬಂದೆ.

ಸೋಲುತ್ತೇವೆ ಎಂಬ ಲೆಕ್ಕ ಅವರಿಗೆ ಅರ್ಥವಾಗಿರಲಿಲ್ಲ ಎಂದಲ್ಲ. ಚೆನ್ನಾಗಿ ಅರ್ಥವಾಗಿತ್ತು. ಹಾಗಾದರೆ ನಾನು ಇನ್ನೇನು ಹೇಳಬೇಕಿತ್ತು?

ಅಂದು ರಾತ್ರಿ ಹುಡುಕುತ್ತಾ ಹೋದಾಗ ಫೋಟೋವಾಯ್ಸ್ ಎಂಬ ಪದ ಸಿಕ್ಕಿತು. ತೊಂಬತ್ತರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ ಎಂಬ ಇಬ್ಬರು ಚೀನಾದ ಯುನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ನಿಮ್ಮ ದಿನವನ್ನು ನೀವೇ ತೆಗೆದು ತೋರಿಸಿ ಎಂದಿದ್ದರು. ಹೊರಗಿನವರು ಸಮೀಕ್ಷೆ ಮಾಡಿ ತಿಳಿಯದ ಸಂಗತಿಗಳು ಆ ಫೋಟೋಗಳ ಸುತ್ತ ಕೂತು ಮಾತಾಡುವಾಗ ಹೊರಬಂದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2011ರ ಕಾನೂನು ಕ್ಯಾಸಿನೊಗಳಿಗೆ ಅವಕಾಶ ಕೊಟ್ಟ ಮೇಲೆ, ಹದಿಹರೆಯದವರ ಜೂಜನ್ನು ತಡೆಯಲು ಅಲ್ಲಿನ ಆರೋಗ್ಯ ಇಲಾಖೆಯೂ ಇದೇ ದಾರಿ ಹಿಡಿದಿದೆ. ಭಾಷಣವಿಲ್ಲ. ಮಕ್ಕಳೇ ತಮ್ಮ ಬೀದಿಯಲ್ಲಿ ಜೂಜು ಎಲ್ಲೆಲ್ಲಿ ಕಾಣುತ್ತದೆ ಎಂದು ಫೋಟೋ ತೆಗೆಯುತ್ತಾರೆ, ಆಮೇಲೆ ಊರಿನವರಿಗೆ ತೋರಿಸುತ್ತಾರೆ. ಪ್ರತಿ ಫೋಟೋಕ್ಕೂ ಐದು ಪ್ರಶ್ನೆ. ಇಲ್ಲಿ ನಿನಗೆ ಏನು ಕಾಣುತ್ತದೆ? ಇಲ್ಲಿ ನಿಜವಾಗಿ ಏನು ನಡೆಯುತ್ತಿದೆ? ಇದಕ್ಕೂ ನಮ್ಮ ಬದುಕಿಗೂ ಏನು ಸಂಬಂಧ? ಇದು ಯಾಕೆ ಹೀಗಿದೆ? ನಾವೇನು ಮಾಡಬಹುದು?

ಮರುದಿನ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ನಿಯಮ ಮೂರು. ಯಾರ ಮುಖವೂ ಬೇಡ. ಮನೆಯೊಳಗಿನ ಫೋಟೋವಾದರೆ ಮನೆಯವರನ್ನು ಕೇಳಿಯೇ ಹೊರಗೆ ತೋರಿಸಬೇಕು. ಆಟ ನಡೆಯುವ ಜಾಗಕ್ಕೆ ಹೋಗಬಾರದು. ಬುಟ್ಟಿಯ ಫೋಟೋ ಬಂದದ್ದು ಅದೇ ಮೊದಲ ವಾರ. ಅದು ವಿಷಯಕ್ಕೆ ಸಂಬಂಧವಿಲ್ಲದ, ಬರೀ ಚೆಂದದ ಫೋಟೋ ಎಂದುಕೊಂಡು ನಾನು ಐದು ಪ್ರಶ್ನೆಗಳನ್ನು ಕೇಳಲೇ ಇಲ್ಲ.

ಉಳಿದವು ಒಂದೊಂದಾಗಿ ಬಂದವು. ಹೆದ್ದಾರಿಯ ಬದಿ ಸಾಲುಗಟ್ಟಿ ನಿಂತ ಬಂದರಿನ ಲಾರಿಗಳು. ಒಂದರ ಅಡಿಯ ನೆರಳಿನಲ್ಲಿ ಹಾಸಿದ ಪೇಪರು, ಅದರ ಮೇಲೆ ಇಸ್ಪೀಟು ಎಲೆ, ಎಲೆಗಿಂತ ಹೆಚ್ಚು ಕಾಲುಗಳು. ಬಟ್ಟೆ ಒಣಹಾಕಿದ ಹಗ್ಗದಲ್ಲಿ ಎಂಟು ವರ್ಷದ ತಮ್ಮನ ಕ್ರಿಕೆಟ್ ಜೆರ್ಸಿ. ಅದರ ಎದೆಯ ಮೇಲೆ, ದೇಶದ ಹೆಸರಿಗಿಂತ ಮೇಲೆ, ದುಡ್ಡು ಕಟ್ಟಿ ತಂಡ ಆರಿಸುವ ಆ್ಯಪ್‌ನ ಹೆಸರು. ಆಗ ಭಾರತ ತಂಡವೇ ಅದನ್ನು ತೊಟ್ಟು ಆಡುತ್ತಿತ್ತು. "ಇವನಿಗೆ ಈ ಹೆಸರು ಓದಲಿಕ್ಕೆ ಬರುತ್ತದೆ ಸರ್, ಕನ್ನಡದ ಒತ್ತಕ್ಷರ ಬರುವುದಿಲ್ಲ" ಎಂದು ಅಕ್ಕ ನಗುತ್ತಾ ಹೇಳಿದಳು.

ಬ್ಯಾರಿ ಹುಡುಗ ಪಕ್ಕದ ಮನೆಯ ಅಜ್ಜನ ಡೈರಿಯ ಫೋಟೋ ತಂದಿದ್ದ. ಪುಟ ಪುಟಕ್ಕೂ ಗುರುತಿಗೆ ಇಟ್ಟ ಕೇರಳ ಲಾಟರಿ ಟಿಕೆಟುಗಳು. ನಮ್ಮ ರಾಜ್ಯದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಕೇರಳದಲ್ಲಿ ಸರಕಾರವೇ 1967ರಲ್ಲಿ ಆರಂಭಿಸಿದ ಲಾಟರಿ ಈಗಲೂ ಇದೆ. ತಲಪಾಡಿ ಗಡಿ ದಾಟಿದರೆ ಟಿಕೆಟು. ಮಂಗಳೂರಿನಿಂದ ಬಸ್ಸು ಹತ್ತಿ ಹೋಗಿ ಕೊಂಡು ಬರುವವರನ್ನು ನಾವೆಲ್ಲ ಬಲ್ಲೆವು. "ಇದು ಗವರ್ಮೆಂಟೇ ಮಾರುವುದಲ್ಲ, ಹಾಗಾದರೆ ಜೂಜಲ್ಲವಾ?" ಎಂದು ಒಬ್ಬಳು ಕೇಳಿದಳು. ಗಡಿಯ ಈಚೆ ತಪ್ಪು, ಆಚೆ ಸರಿ. ನಾನು ತಲೆ ಕೆರೆದುಕೊಂಡೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟು 1968ರಲ್ಲೇ ಹೇಳಿದೆ, ಆನ್‌ಲೈನ್ ಕಂಪನಿಗಳು ಅದನ್ನೇ ಹಿಡಿದು ವಾದಿಸುತ್ತವೆ ಎಂದೂ ಹೇಳಬೇಕಾಯಿತು. ಮಕ್ಕಳಿಗೆ ನಾವು ಹಾಕಿಕೊಡುವ ಗೆರೆ ಎಷ್ಟು ಸೊಟ್ಟಗಿದೆ ಎಂದು ಅವರ ಮುಂದೆ ನಿಂತಾಗಲೇ ಗೊತ್ತಾಗುವುದು.

ಹೆಚ್ಚು ಜಗಳವಾದದ್ದು ಕೋಳಿಯ ಫೋಟೋಕ್ಕೆ. ಮಾವನ ಕಂಕುಳಲ್ಲಿ ಕೂತ ಕೆಂಪು ಹುಂಜ, ಅದರ ಕುತ್ತಿಗೆಯನ್ನು ನೇವರಿಸುವ ಕೈ. ಕೋಳಿ ಅಂಕಕ್ಕೆ ಸಾಕಿದ್ದು. ಅದು ಆಚಾರ, ಭೂತದ ಕಟ್ಟಳೆ, ಜೂಜಲ್ಲ ಎಂದು ಒಂದು ಗುಂಪು. ಹಾಗಾದರೆ ದುಡ್ಡು ಯಾಕೆ ಕಟ್ಟುತ್ತಾರೆ, ಕಾಲಿಗೆ ಕತ್ತಿ ಯಾಕೆ ಕಟ್ಟುತ್ತಾರೆ ಎಂದು ಇನ್ನೊಂದು ಗುಂಪು. ಫೋಟೋ ತೆಗೆದವನು ಮಾತ್ರ ಮೆಲ್ಲ ಹೇಳಿದ: "ಮಾವ ಅದನ್ನು ನನಗಿಂತ ಜಾಸ್ತಿ ಮುದ್ದು ಮಾಡ್ತಾರೆ." ಮಾತು ಯಕ್ಷಗಾನಕ್ಕೂ ಹೋಯಿತು. ಧರ್ಮರಾಯ ಹೆಂಡತಿಯನ್ನು ಪಣಕ್ಕಿಟ್ಟಾಗ ಭೀಷ್ಮ, ದ್ರೋಣ ಎಲ್ಲರೂ ಅಲ್ಲೇ ಕೂತಿದ್ದರಲ್ಲ ಎಂದು ಒಬ್ಬಳು ಹೇಳಿದಳು. "ಆಗ ಫೋನ್ ಇದ್ದಿದ್ದರೆ ನಾವು ಫೋಟೋ ತೆಗೀತಿದ್ದೆವು" ಎಂದು ಇನ್ನೊಬ್ಬ. "ಮುಖ ಬೇಡ, ಗಡ್ಡ ಮಾತ್ರ" ಎಂದು ಮತ್ತೊಬ್ಬ. ಅಂದು ಎಲ್ಲರೂ ನಕ್ಕು ಮನೆಗೆ ಹೋದರು.

ಮೇ 11, ಭಾನುವಾರ. ಗಡಿಯ ಉದ್ವಿಗ್ನತೆಯಿಂದ ಎರಡು ದಿನದ ಹಿಂದೆ ಐಪಿಎಲ್ ನಿಂತಿತ್ತು. ಬುಟ್ಟಿಯ ಫೋಟೋ ತೆಗೆದ ಹುಡುಗ ಬೇಗ ಬಂದು ಮೂಲೆಯಲ್ಲಿ ಕೂತಿದ್ದ. ತನ್ನ ಸರದಿ ಬಂದಾಗ ಫೋನನ್ನು ನನ್ನ ಕೈಗೆ ಕೊಡದೆ ಗೆಳೆಯರ ಕೈಗೆ ಕೊಟ್ಟ. ಫೋನು ಸುತ್ತು ಬಂತು. ಒಬ್ಬೊಬ್ಬರೂ ನೋಡಿ ನನ್ನ ಎಡಗೈ ಕಡೆ ನೋಡಿದರು.

ಚಹಾ ಅಂಗಡಿಯ ಮೇಜು. ಐಪಿಎಲ್ ಪುಟ ಮೇಲೆ ಬರುವ ಹಾಗೆ ಮಡಚಿದ ಪೇಪರು. ಗಾಜಿನ ಲೋಟದಡಿ ಮೂರು ನೂರರ ನೋಟು. ಅಂಚಿನಲ್ಲಿ ಒಂದು ಕೈ, ಮಾಸಿದ ಕಂದು ಪಟ್ಟಿಯ ವಾಚು. ನನ್ನ ವಾಚು.

"ಮುಖ ಇಲ್ಲ ಸರ್" ಎಂದ ಹುಡುಗ. "ಇದನ್ನು ಹಾಕಬಹುದಾ?"

ಅದು ನಾವು ಮೂವರು ಗೆಳೆಯರ ಸಂಜೆಯ ತಮಾಷೆ. ಗೆದ್ದವನು ಎಲ್ಲರಿಗೂ ಗೋಳಿಬಜೆ ಕೊಡಿಸಬೇಕು, ಮಿಕ್ಕಿದ್ದು ಅವನಿಗೆ. ಹತ್ತು ವರ್ಷದಿಂದ ನಡೆದುಕೊಂಡು ಬಂದದ್ದು. ಅದನ್ನು ಜೂಜು ಎಂದು ನಾನು ಒಮ್ಮೆಯೂ ಕರೆದಿರಲಿಲ್ಲ. ಗೋಡೆಯ ಮೇಲಿನ ಪ್ರಶ್ನೆಗಳನ್ನು ಅವರೇ ಓದತೊಡಗಿದರು. ಇಲ್ಲಿ ನಿಮಗೆ ಏನು ಕಾಣುತ್ತದೆ ಸರ್? ನಿಜವಾಗಿ ಏನು ನಡೆಯುತ್ತಿದೆ ಸರ್? ಮೂರನೆಯದಕ್ಕೆ ಬರುವಾಗ ನನ್ನ ಗಂಟಲು ಒಣಗಿತ್ತು.

ನಾನು ಅಪ್ಪನ ವಿಷಯ ಹೇಳಿದೆ. ಅಪ್ಪ ಬಂದರಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಸಿಗರೇಟು ಪ್ಯಾಕಿನ ಒಳಕಾಗದದಲ್ಲಿ ಅಂಕಿ ಬರೆದು, ಚಿಲ್ಲರೆ ಸುತ್ತಿ ನನ್ನ ಚಡ್ಡಿಯ ಕಿಸೆಗೆ ಹಾಕುತ್ತಿದ್ದರು. ನಾನು ಓಡಿ ಹೋಗಿ ಅಂಗಡಿಯವನಿಗೆ ಕೊಟ್ಟು ಬರುತ್ತಿದ್ದೆ. ಹತ್ತು ವರ್ಷದ ಹುಡುಗನನ್ನು ಯಾವ ಪೊಲೀಸು ತಡೆಯುತ್ತಾನೆ? ನನಗೆ ಸಿಗುತ್ತಿದ್ದದ್ದು ನಾಲ್ಕಾಣೆ, ಒಂದು ಚಾಕೊಲೇಟು. ಕನಸಿನಲ್ಲಿ ಹಾವು ಕಂಡಿತೆಂದು ಅಮ್ಮ ಹೇಳಿದರೆ ಅದಕ್ಕೂ ಒಂದು ಅಂಕಿ ಇತ್ತು. ಇಷ್ಟನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ನಗಿಸಲಿಕ್ಕೆಂದು ಹೇಳಿದ್ದೇನೆ. ಮುಂದಿನದನ್ನು ಹೇಳಿರಲಿಲ್ಲ. ಅಮ್ಮನ ಬೆಂಡೋಲೆ ಎರಡು ಸಲ ಅಡವಿಗೆ ಹೋಯಿತು. ಎರಡನೇ ಸಲ ಹೋದದ್ದು ತಿರುಗಿ ಬರಲಿಲ್ಲ. ಅದು ಹೋದ ದಿನ ಅಮ್ಮ ಅಪ್ಪನನ್ನು ಏನೂ ಕೇಳಲಿಲ್ಲ, ನನ್ನ ಮುಖ ನೋಡಿದಳು. ಚೀಟಿ ಮುಟ್ಟಿಸಿದವನು ನಾನಲ್ಲವೇ.

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಫೋಟೋ ಹಾಕು ಎಂದೆ.

ಎಲ್ಲರೂ ಹೋದ ಮೇಲೆ ಹುಡುಗ ಚಪ್ಪಲಿ ಹುಡುಕುವ ನೆಪದಲ್ಲಿ ಉಳಿದ. ಬುಟ್ಟಿಯ ಫೋಟೋ ತೆರೆದು ತೋರಿಸಿದ. ಅವನ ಅಮ್ಮ ಬೆಳಗಿನ ಜಾವ ದಕ್ಕೆಗೆ ಹೋಗಿ ಮೀನು ತಂದು ಮನೆಮನೆಗೆ ಮಾರುವವಳು. ಅವಳ ಹತ್ತಿರ ಗುಂಡಿ ಒತ್ತುವ ಫೋನು. ಈಗ ಎಲ್ಲರೂ ಸ್ಕ್ಯಾನ್ ಮಾಡಿಯೇ ದುಡ್ಡು ಕೊಡುವುದರಿಂದ ದೊಡ್ಡ ಮಗನ ಖಾತೆಯ ಕೋಡನ್ನು ಬುಟ್ಟಿಗೆ ಕಟ್ಟಿಕೊಂಡಿದ್ದಾಳೆ. ಆ ಮಗ ಕೆಲಸಕ್ಕೆ ಹೊರ ಊರಿಗೆ ಹೋಗುವಾಗ ಹಳೆ ಫೋನನ್ನು ತಮ್ಮನಿಗೆ ಬಿಟ್ಟು ಹೋಗಿದ್ದ. ಎಷ್ಟು ಬಂತು ಎಂದು ರಾತ್ರಿ ಅಮ್ಮನಿಗೆ ಓದಿ ಹೇಳುವವನು ಇವನು.

"ಟಾಸಿಗೆ ಕಟ್ಟುವುದು ಸರ್. ಮ್ಯಾಚ್ ನೋಡಬೇಕೆಂದೂ ಇಲ್ಲ. ಎರಡು ನಿಮಿಷದಲ್ಲಿ ಮುಗೀತದೆ." ಮೊದಲ ಸಲ ಇನ್ನೂರು ಬಂದಿತ್ತು. ಆಮೇಲೆ ಹೋಗುತ್ತಾ ಹೋಗಿ ಎರಡು ಸಾವಿರದ ಏಳುನೂರು. ಕಟ್ಟಿಸಿಕೊಂಡವರು ಆ್ಯಪ್‌ನವರಲ್ಲ, ಬೀಚಿನಲ್ಲಿ ಒಟ್ಟಿಗೆ ವಾಲಿಬಾಲ್ ಆಡುವ ದೊಡ್ಡ ಹುಡುಗರು. ರಾತ್ರಿ ಅಮ್ಮನಿಗೆ ಕಡಿಮೆ ಓದಿ ಹೇಳಿದ್ದ. ಅಮ್ಮ ಬೆರಳಲ್ಲಿ ಲೆಕ್ಕ ಹಾಕಿ, ಹಾಗಾದರೆ ಎಲ್ಲೋ ನಾನೇ ತಪ್ಪಿದೆ ಎಂದಿದ್ದಳು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಒಣಮೀನು ಮಾರಿ ನಡೆಸುವ ಮನೆ ಅದು. ಮೇ ತಿಂಗಳ ದುಡ್ಡೆಂದರೆ ಮಳೆಗಾಲದ ಅಕ್ಕಿ.

"ನಾನು ಇದನ್ನು ಮೊದಲ ವಾರವೇ ತೋರಿಸಿದೆ ಸರ್" ಎಂದ. "ನೀವು ಬೆಳಕು ಚೆಂದ ಇದೆ ಎಂದಿರಿ."

ಇಪ್ಪತ್ತು ವರ್ಷ ಕ್ಯಾಮೆರಾ ಹಿಡಿದವನಿಗೆ ಇದಕ್ಕಿಂತ ದೊಡ್ಡ ಪಾಠ ಯಾರೂ ಕಲಿಸಿಲ್ಲ. ಕಾಣುವುದಕ್ಕೂ ನಡೆಯುವುದಕ್ಕೂ ನಡುವಿನ ಜಾಗದಲ್ಲಿ ಹುಡುಗ ಒಬ್ಬನೇ ಒಂದು ತಿಂಗಳು ನಿಂತಿದ್ದ. ನಾನು ನನ್ನ ಚೀಟಿಯ ಕಥೆ ಹೇಳುವವರೆಗೂ ಅವನಿಗೆ ಬಾಯಿ ಬಿಡಲು ಧೈರ್ಯ ಬಂದಿರಲಿಲ್ಲ. ಎರಡು ಒಳ್ಳೆ ಮಾತು ಹೇಳುವವನ ಹತ್ತಿರ ತಪ್ಪು ಮಾಡಿದ ಹುಡುಗ ಬರುವುದಿಲ್ಲ. ಅವನು ನಮ್ಮ ಕೈಯನ್ನು ಮೊದಲು ನೋಡುತ್ತಾನೆ.

ಅಮ್ಮನಿಗೆ ನಾನು ಹೇಳಲೇ ಎಂದು ಕೇಳಿದೆ. ಬೇಡ, ನಾನೇ ಹೇಳುತ್ತೇನೆ ಎಂದ. ಹೇಳಲು ಇನ್ನೂ ಮೂರು ವಾರ ತೆಗೆದುಕೊಂಡ. ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಗೆದ್ದು ಪಣಂಬೂರೆಲ್ಲ ಪಟಾಕಿ ಹೊಡೆಯುವಾಗ, ಆ ಸದ್ದಿನಲ್ಲಿ ಹೇಳಿದನಂತೆ. ಅಮ್ಮ ಹೊಡೆಯಲಿಲ್ಲ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಬುಟ್ಟಿಯನ್ನು ಅವನ ತಲೆಯ ಮೇಲಿಟ್ಟು ಜೊತೆಗೆ ಕರೆದುಕೊಂಡು ಹೋದಳು.

ಆಗಸ್ಟ್ 15ರಂದು ಧ್ವಜಾರೋಹಣ ಮುಗಿದ ಮೇಲೆ ಮಂಡಲದ ಕೋಣೆಯಲ್ಲಿ ಫೋಟೋಗಳನ್ನು ತೂಗುಹಾಕಿದೆವು. ಹದಿನಾಲ್ಕು ಫೋಟೋ, ನನ್ನ ಸ್ಟುಡಿಯೋದಲ್ಲೇ ಪ್ರಿಂಟ್ ಹಾಕಿದ್ದು. ಒಂದು ಕಡೆ ಫೋಟೋ ಇರಲಿಲ್ಲ, ಬರಹ ಮಾತ್ರ ಇತ್ತು. ಬೀಡಿ ಕಟ್ಟುವ ಅಮ್ಮನ ಮೊರದಲ್ಲಿ ಎಲೆಗಳಡಿ ಇಟ್ಟಿದ್ದ ಲಕ್ಕಿ ಸ್ಕೀಮ್ ಕಾರ್ಡನ್ನು ಒಬ್ಬಳು ತೆಗೆದಿದ್ದಳು. ತಿಂಗಳು ತಿಂಗಳು ಸಾವಿರ ಕಟ್ಟಿದರೆ ಕಾರು, ಫ್ಲಾಟು ಎಂದು ಬ್ಯಾನರು ಕಟ್ಟುತ್ತಾರಲ್ಲ, ಅಂಥದ್ದು. ಗಂಡನಿಗೆ ಗೊತ್ತಾಗುತ್ತದೆ, ಬೇಡ ಎಂದರು ಅಮ್ಮ. ನಿಯಮ ನಿಯಮವೇ. ಹುಡುಗಿ ಕೆಳಗಿನ ಸಾಲನ್ನಾದರೂ ಹಾಕುತ್ತೇನೆ ಎಂದು ಕೇಳಿ ಒಪ್ಪಿಸಿದಳು: "ಈ ಫೋಟೋ ತೋರಿಸುವ ಹಾಗಿಲ್ಲ. ಇಂಥದ್ದು ನಿಮ್ಮ ಮನೆಯಲ್ಲಿಯೂ ಒಂದು ಇರಬಹುದು." ಅದರ ಮುಂದೆ ಹೆಂಗಸರು ನಿಂತಷ್ಟು ಹೊತ್ತು ಬೇರೆ ಯಾವುದರ ಮುಂದೆಯೂ ನಿಲ್ಲಲಿಲ್ಲ.

ಬಾಗಿಲ ಬಳಿ ಮಕ್ಕಳು ದೊಡ್ಡ ಅಕ್ಷರದಲ್ಲಿ 14416 ಎಂದು ಬರೆದಿದ್ದರು, ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಐದನೇ ಪ್ರಶ್ನೆಗೆ ಉತ್ತರವಾಗಿ ಅವರು ಬರೆದ ಮಾತುಗಳು ದೊಡ್ಡವರಿಗೆ ಸ್ವಲ್ಪ ಖಾರವಾಗಿಯೇ ಇದ್ದವು. ಚೀಟಿ, ಟಿಕೆಟು ತರಲು ನಮ್ಮನ್ನು ಕಳಿಸಬೇಡಿ. ನಮ್ಮೆದುರು ಪಣ ಕಟ್ಟಬೇಡಿ. ಸೋತು ಬಂದು ಹೇಳಿದರೆ ಮೊದಲು ಹೊಡೆಯಬೇಡಿ, ಕೇಳಿ. ನನ್ನ ಇಬ್ಬರು ಗೆಳೆಯರೂ ಬಂದಿದ್ದರು. ಲೋಟದಡಿಯ ನೋಟುಗಳನ್ನು ನೋಡಿ ಒಬ್ಬ ನಕ್ಕ, ಇನ್ನೊಬ್ಬ ಸಿಟ್ಟಾಗಿ ಹೋದ. ಅವನು ಈಗಲೂ ನನ್ನೊಡನೆ ಚಹಾಕ್ಕೆ ಬರುವುದಿಲ್ಲ.

ಅದರ ಮುಂದಿನ ವಾರ ಇನ್ನೊಂದು ಸಂಗತಿಯಾಯಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆ ಆಗಸ್ಟ್ 20, 21ರಂದು ಸಂಸತ್ತಿನಲ್ಲಿ ಪಾಸಾಗಿ, 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ನಮ್ಮ ರಾಜ್ಯ 2021ರಲ್ಲಿ ಇಂಥದೇ ತಿದ್ದುಪಡಿ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತ್ತು. ಈ ಸಲ ದೊಡ್ಡ ಆ್ಯಪ್‌ಗಳೇ ದುಡ್ಡಿನ ಆಟ ನಿಲ್ಲಿಸಿದವು, ಜೆರ್ಸಿಯ ಎದೆಯಿಂದಲೂ ಆ ಹೆಸರು ಹೋಯಿತು. ಒಳ್ಳೆಯದೇ ಆಯಿತು. ಹುಡುಗನಿಗೆ ಸುದ್ದಿ ಹೇಳಿದಾಗ ಅವನು ಸ್ವಲ್ಪ ಯೋಚಿಸಿ ಹೇಳಿದ: "ಆ್ಯಪ್ ಬಂದ್ ಆಯ್ತು ಸರ್. ಟಾಸ್ ಬಂದ್ ಆಗಲಿಲ್ಲ."

ಪ್ರದರ್ಶನದ ದಿನ ಅವನ ಅಮ್ಮ ಬಂದದ್ದು ಮಧ್ಯಾಹ್ನದ ಮೇಲೆ, ಮೀನು ಖಾಲಿಯಾದ ನಂತರ. ಬುಟ್ಟಿಯನ್ನು ಹೊರಗಿಟ್ಟು ಕಾಲು ತೊಳೆದು ಒಳಗೆ ಬಂದರು. ತನ್ನ ಬುಟ್ಟಿಯ ಫೋಟೋದ ಮುಂದೆ ನಿಂತು, ಕೆಳಗೆ ಬರೆದದ್ದನ್ನು ಓದಿ ಹೇಳಲು ಮಗನಿಗೇ ಹೇಳಿದರು. ಅವನು ಓದಿದ: "ಅಮ್ಮನ ದುಡ್ಡು ಬರುವುದು ಇಲ್ಲಿಂದ. ಹೋದದ್ದು ನನ್ನಿಂದ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪಕ್ಕದ ಫೋಟೋಕ್ಕೆ ಹೋದರು. ಲೋಟ, ನೋಟು, ವಾಚು. ತಿರುಗಿ ನನ್ನ ಕೈ ನೋಡಿದರು. ತುಳುವಿನಲ್ಲಿಯೇ ಕೇಳಿದರು.

"ಅಣ್ಣ, ಫೈನಲಿನ ದಿನ ಕಟ್ಟಿದಿರಾ?"

"ಇಲ್ಲ" ಎಂದೆ. ನಿಜವೇ. ಅಂದು ಬರೀ ಚಹಾ ಕುಡಿದು ಎದ್ದು ಬಂದಿದ್ದೆ.

"ಇನ್ನು ಮುಂದೆ?"

"ಇಲ್ಲ."

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ಮತ್ತೆ ಮಾರ್ಚಿಯಲ್ಲಿ ಶುರುವಾಗ್ತದಲ್ಲ, ಆಗ ನಿಮ್ಮ ಅಂಗಡಿಗೆ ಬಂದು ಕೇಳ್ತೇನೆ" ಎಂದು ಹೇಳಿ, ಮಗನ ಕೈಗೆ ಖಾಲಿ ಬುಟ್ಟಿ ಕೊಟ್ಟು ಹೊರಟರು.